ಹಿತ್ತಲಿನ ಎರಡು ತೆಂಗಿನ ಸಸಿ

ಕಾಜುಬಾಗ, ಕಾರವಾರ
ಭಾನುವಾರ

ಚಿ. ಕೂಸಿಗೆ,

ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರವೇ ಬಂತು. ಎರಡು ಸಲ ಫೋನ್ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ. ಫೋನಿನಲ್ಲಾದರೆ ನೀನು "ಹೂಂ ಅತ್ತೆ, ಆಯ್ತು ಅತ್ತೆ" ಅನ್ನುತ್ತೀಯ. ನಾನು ಹೇಳಬೇಕಾದದ್ದು ಬಿಟ್ಟು ಮಾವಿನ ಮಿಡಿಯ ರೇಟು ಮಾತಾಡುತ್ತೇನೆ. ಅದಕ್ಕೇ ಬರೆಯಲು ಕೂತೆ.

ಶಿರಸಿ ಮನೆ ನಿನ್ನ ಪಾಲಿಗೆ ಬಂದದ್ದು, ನಿನ್ನ ಅಣ್ಣ ಮುಖ ದಪ್ಪ ಮಾಡಿದ್ದು, ಅದೆಲ್ಲ ಬಿಡು. ಟ್ಯಾಂಕ್ ಸೋರುತ್ತದೆ, ಬಚ್ಚಲ ನೀರು ಹೋಗುವುದಿಲ್ಲ, ಹತ್ತನೇ ತಾರೀಖು ಕಳೆದರೂ ಬಾಡಿಗೆ ಬರುವುದಿಲ್ಲ ಅಂತ ಬರೆದಿದ್ದೀಯ. ಅದು ಮನೆ ಬಾಡಿಗೆಗೆ ಕೊಟ್ಟವರೆಲ್ಲರ ಪಾಡು. ಹುಬ್ಬಳ್ಳಿಯಲ್ಲಿ ಕೂತು ಶಿರಸಿಯ ನಲ್ಲಿ ರಿಪೇರಿ ಮಾಡಿಸುವುದು ಸುಲಭ ಅಂತ ಯಾರೂ ಹೇಳುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಕಾಗದದ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲು. "ಅತ್ತೆ, ಅವರು ಹಿತ್ತಲಲ್ಲಿ ಎರಡು ತೆಂಗಿನ ಸಸಿ ನೆಟ್ಟಿದ್ದಾರೆ. ಮನೆ ಬಿಡದೇ ಹೋದರೆ?"

ಜಾಗ ಸಾಲದೆ ಅಂಚಿನಲ್ಲಿ ಬರೆದದ್ದಲ್ಲ ಅದು. ಹಿಂದಿನ ಪುಟ ಪೂರ್ತಿ ಖಾಲಿ ಇತ್ತಲ್ಲ.

ನಿನ್ನ ಲೆಕ್ಕ ನನಗೆ ಗೊತ್ತಾಯಿತು. ಹನ್ನೊಂದು ತಿಂಗಳ ಕರಾರಿನವರು ಬಸಳೆ ಚಪ್ಪರ ಹಾಕಲಿ, ತೊಂಡೆ ಬಳ್ಳಿ ಹಬ್ಬಿಸಲಿ. ತೆಂಗು ಯಾಕೆ? ಊರ ತಳಿಯಾದರೆ ಕಾಯಿ ಬಿಡಲು ಆರೇಳು ವರ್ಷ ಬೇಕು. ಅಷ್ಟು ವರ್ಷ ಇಲ್ಲೇ ಇರುವ ಲೆಕ್ಕ ಹಾಕಿದವರೇ ಅದನ್ನು ನೆಡುವುದು, ಅಲ್ವಾ? ಲೆಕ್ಕ ತಪ್ಪು ಅಂತ ನಾನು ಹೇಳಲಾರೆ. ನಿನ್ನ ಅಜ್ಜನೂ ಹೀಗೇ ಲೆಕ್ಕ ಹಾಕುತ್ತಿದ್ದರು.

1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದು ಗೇಣಿ ಗದ್ದೆ ಹೋದ ಕತೆ ನಿನಗೆ ಬಾಯಿಪಾಠ. ಮಾರ್ಚ್ 1, ಗೇಣಿಯವರು ಹಾಕಿದ ಏಳನೇ ನಂಬರಿನ ಅರ್ಜಿ, ನ್ಯಾಯ ಮಂಡಳಿ, ಅಜ್ಜ ಊಟ ಬಿಟ್ಟದ್ದು. ಎಲ್ಲರ ಮನೆಯಲ್ಲೂ ಸಾವಿರ ಸಲ ಆದ ಮಾತು. ಆಗ ನನಗೆ ಹನ್ನೊಂದು ವರ್ಷ. ಈಗ ಒಂದು ಮಾತು ಹೇಳುತ್ತೇನೆ, ನಿನ್ನ ಅಪ್ಪನ ಹತ್ತಿರ ಹೇಳಬೇಡ. ಆ ಗದ್ದೆ ಹೋದದ್ದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮವರು ಯಾರೂ ಅದರ ಕೆಸರಿಗೆ ಕಾಲಿಟ್ಟವರಲ್ಲ. ಗೇಣಿ ಭತ್ತ ಅಳೆಯುವ ದಿನ ಮಾತ್ರ ಹೋಗುತ್ತಿದ್ದದ್ದು. ಅಜ್ಜ ಇರುವವರೆಗೂ ಇದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಿನಗೆ ಗೊತ್ತಿಲ್ಲದ್ದು ಕುಮಟೆ ಮನೆಯ ಕತೆ. ಅದು ಮಳೆಗೆ ಬಿತ್ತು ಅಂತ ಎಲ್ಲರೂ ಹೇಳುತ್ತಾರೆ. ಮಳೆಗೆ ಬಿತ್ತು, ನಿಜ. ಆದರೆ ಗದ್ದೆ ಹೋದ ಮಾರನೇ ವರ್ಷ ಒಬ್ಬ ಬ್ಯಾಂಕ್ ಕ್ಲರ್ಕು ಹೆಂಡತಿಯನ್ನು ಕರೆದುಕೊಂಡು ಆ ಮನೆ ಬಾಡಿಗೆಗೆ ಕೇಳಲು ಬಂದಿದ್ದ. ಕುಡಿಯಲು ಆಸರಿಗೆ ಕೊಟ್ಟವಳು ನಾನೇ. ಅವರು ಮೆಟ್ಟಿಲು ಇಳಿದ ಮೇಲೆ ಅಜ್ಜ ಅಜ್ಜಿಗೆ ಹೇಳಿದ್ದು ಇಷ್ಟೇ: "ಒಳಗೆ ಬಿಟ್ಟರೆ ಆಯ್ತು, ಮತ್ತೆ ಬಿಡುವುದಿಲ್ಲ." ಮನೆಗೆ ಬೀಗ ಹಾಕಿದರು. ಬೀಗದ ಕೈ ಜನಿವಾರಕ್ಕೆ ಕಟ್ಟಿಕೊಂಡರು.

ಈ ಕರಾವಳಿಯಲ್ಲಿ ಹಂಚಿನ ಮನೆಯ ಬಾಗಿಲು ಹಾಕಿಟ್ಟರೆ ಎಷ್ಟು ದಿನ ನಿಲ್ಲುತ್ತದೆ ಹೇಳು. ಒಲೆಯ ಹೊಗೆ ಇಲ್ಲ, ಗುಡಿಸುವವರಿಲ್ಲ. ಎರಡನೇ ಮಳೆಗೆ ಎರಡು ಹಂಚು ಜಾರಿದವು. ನೋಡುವವರಿಲ್ಲ. ಆ ಸಂದಿಯಿಂದ ನೀರು ಮಾಡಿನ ಮರದ ಪಕಾಸಿಗೆ ಇಳಿಯಿತು, ಒರಲೆ ಗೋಡೆ ಹಿಡಿದು ಮೇಲೆ ಹತ್ತಿತು. ನಾಲ್ಕನೇ ಮಳೆ ಕಳೆದು ಗಣೇಶ ಚೌತಿಗೆ ಹೋದಾಗ ನಡುಮನೆಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು. ಅಜ್ಜ ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡಿದರು. ಬರುವಾಗ ಮತ್ತೆ ಬೀಗ ಹಾಕಿದರು! ಮಾಡು ಇಲ್ಲದ ಮನೆಗೆ.

ಇದನ್ನೆಲ್ಲ ಕಂಡವಳು ನಾನು ಬುದ್ಧಿ ಕಲಿಯಬೇಕಿತ್ತು.

ನಮ್ಮ ಈ ಮನೆಯ ಮಹಡಿಯಲ್ಲಿ ಎಷ್ಟು ಜನ ಇದ್ದು ಹೋದರು, ನಿನಗೇ ಗೊತ್ತು. ಕೈಗಾದ ಕಂಟ್ರಾಕ್ಟಿನವರು, ನೇವಿಯವರು, ಈಗ ಮೆಡಿಕಲ್ ಕಾಲೇಜಿನ ಹುಡುಗಿಯರು. ಮಹಡಿಯವರ ಒಣಮೀನಿನ ವಾಸನೆಗೆ ನಿನ್ನ ಮಾವ ಮೊದಲ ವರ್ಷ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು, ಆಮೇಲೆ ಅವರಿಗೂ ರೂಢಿಯಾಯಿತು. ಆದರೆ ಹಿಂದಿನ ಚಿಕ್ಕ ಮನೆಯಲ್ಲಿದ್ದ ಒಂದು ಸಂಸಾರದ ವಿಷಯ ನಾನು ಯಾರ ಹತ್ತಿರವೂ ಹೇಳಿಲ್ಲ. ನೌಕಾನೆಲೆಗೆ ಅರಗಾ ಕಡೆಯ ಊರುಗಳು ಖಾಲಿಯಾದ ಸಮಯ. ಅವರೂ ಹಾಗೆ ಮನೆ, ಹಿತ್ತಲು ಬಿಟ್ಟು ಬಂದವರು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಎರಡು ಮಕ್ಕಳು ಶಾಲೆಗೆ. ಬಾಡಿಗೆ ತಡವಾಗುತ್ತಿತ್ತು, ಆದರೆ ಬರುತ್ತಿತ್ತು. ಆಕೆ ಒಂದೊಂದು ಸಲ ಚಿಲ್ಲರೆ ನೋಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದಳು, ನೋಟು ಬೆಚ್ಚಗಿರುತ್ತಿತ್ತು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಬಟ್ಟೆ ಒಗೆಯುವ ಕಲ್ಲಿನ ಆಚೆ ಒಂದು ಮುರುಗಲು ಸಸಿ. ಗೇಣುದ್ದ ಇತ್ತು. ಸುತ್ತ ಮುಳ್ಳು ಕಟ್ಟಿದ್ದರು. "ನಮ್ಮ ಹಿತ್ತಲಿಂದ ಕಿತ್ತು ತಂದದ್ದು ಅಮ್ಮಾ, ಡಬ್ಬಿಯಲ್ಲಿ ಇಟ್ಟಿದ್ದೆ, ಬೇರು ಹೊರಗೆ ಬಂತು" ಅಂದಳು.

ಹಿತ್ತಲೇ ಇಲ್ಲದವಳು ಹಿತ್ತಲಿನ ಗಿಡವನ್ನು ಡಬ್ಬಿಯಲ್ಲಿ ಹಿಡಿದು ತಿರುಗುತ್ತಿದ್ದಾಳೆ. ನನಗೆ ಅದು ಕಾಣಲಿಲ್ಲ ಕೂಸೆ. ನನಗೆ ಕಂಡದ್ದು ಮುರುಗಲು ಫಲ ಬಿಡಲು ಬೇಕಾಗುವ ಏಳೆಂಟು ವರ್ಷ. ಅದೇ ಹೊತ್ತಿಗೆ ಓಣಿಯಲ್ಲಿ ಯಾರೋ "ಹನ್ನೆರಡು ವರ್ಷ ಕೂತರೆ ಮನೆ ಅವರದ್ದೇ" ಅಂದದ್ದು ಕಿವಿಗೆ ಬಿದ್ದಿತ್ತು. ರಾತ್ರಿ ಮಲಗಿದರೆ ಅಜ್ಜನದೇ ದನಿ. ಒಳಗೆ ಬಿಟ್ಟರೆ ಆಯ್ತು.

ದೀಪಾವಳಿ ಮುಗಿದ ವಾರ ಹೇಳಿದೆ. ಮಗನಿಗೆ ಮನೆ ಬೇಕು, ಖಾಲಿ ಮಾಡಿ ಅಂತ. ಸುಳ್ಳು. ಅವನು ಆಗ ಪುಣೆಯಲ್ಲಿದ್ದ. ಮಕ್ಕಳ ಪರೀಕ್ಷೆ ಮುಗಿಯಲಿ, ಮಾರ್ಚ್ ತನಕ ಇರುತ್ತೇವೆ ಅಂತ ಆಕೆ ಕೇಳಿದಳು. ನಾನು ಬೇಡ ಅಂದೆ. ಅವರು ಒಂದು ಮಾತೂ ಎದುರಾಡದೆ ಹೋದರು. ಟೆಂಪೋದಲ್ಲಿ ಸಾಮಾನು ಏರಿಸಿ, ಮನೆ ಗುಡಿಸಿ, ಹೊಸ್ತಿಲಿಗೆ ನೀರು ಹಾಕಿ, ಬೀಗದ ಕೈ ತಂದು ಕೊಟ್ಟಳು. ಆ ಚಿಕ್ಕ ಮನೆ ಎರಡು ಮಳೆಗಾಲ ಖಾಲಿ ಬಿದ್ದಿತು. ಉಪ್ಪುಗಾಳಿಗೆ ಕಿಟಕಿಯ ಸರಳು ಕೈಯಲ್ಲಿ ಮುರಿಯುವ ಹಾಗೆ ಆಯಿತು.

ಪ್ರತಿ ಬೇಸಿಗೆ ನಿನಗೆ ಕಳಿಸುತ್ತೇನಲ್ಲ, ಮುರುಗಲು ಸಿಪ್ಪೆ. ಆ ಮರದ್ದೇ.

ಇಷ್ಟು ಬರೆದು ಎದ್ದು ಚಾ ಮಾಡಿಕೊಂಡು ಬಂದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಬಿಡದೇ ಹೋದರೆ? ಆಮೇಲೆ, ತುಂಬಾ ತಡವಾಗಿ, ನಾನು ವಕೀಲರನ್ನು ಕೇಳಿದೆ. ಅವರು ನಕ್ಕು ಹೇಳಿದ್ದನ್ನೇ ಬರೆಯುತ್ತೇನೆ. 1974ರ ಕಾನೂನು ಸಾಗುವಳಿ ಜಮೀನಿಗೆ ಬಂದದ್ದು, ಪೇಟೆಯ ಬಾಡಿಗೆ ಮನೆಗಲ್ಲ. ಹನ್ನೆರಡು ವರ್ಷದ ಮಾತು ಇರುವುದು ಹೌದು. ಆದರೆ ಅದು ಒಡೆಯನ ಒಪ್ಪಿಗೆ ಇಲ್ಲದೆ, ಒಡೆಯನ ಹಕ್ಕನ್ನೇ ಅಲ್ಲಗಳೆದು ಕೂತವರ ವಿಷಯ. ನಿನಗೆ ಬಾಡಿಗೆ ಕೊಟ್ಟುಕೊಂಡು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಹನ್ನೊಂದು ತಿಂಗಳು ಅಂತ ಬರೆಯುವುದೂ ಅವರು ಮನೆ ನುಂಗುತ್ತಾರೆ ಅಂತ ಅಲ್ಲವಂತೆ. ವರ್ಷಕ್ಕಿಂತ ಜಾಸ್ತಿಯ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಆ ಖರ್ಚು ತಪ್ಪಿಸಲು. ಇಷ್ಟು ವರ್ಷ ನಾನು ಹೆದರಿದ್ದು ಸ್ಟಾಂಪ್ ಪೇಪರಿನ ಖರ್ಚಿಗೆ ಅಂತಾಯ್ತು.

ತೆಂಗಿನ ಸಸಿ ನೆಟ್ಟ ಮಾತ್ರಕ್ಕೆ ಹಿತ್ತಲು ಅವರದ್ದಾಗುವುದಿಲ್ಲ. ಆಧಾರ್ ಕಾರ್ಡಿಗೆ ನಿನ್ನ ಮನೆಯ ವಿಳಾಸ ಹಾಕಿಸಿಕೊಂಡರು ಅಂತಲೂ ಬರೆದಿದ್ದೀಯ. ಅದು ಅವರು ಎಲ್ಲಿ ಇರುತ್ತಾರೆ ಅಂತ ತೋರಿಸುತ್ತದೆ, ಮನೆ ಯಾರದ್ದು ಅಂತಲ್ಲ. ಗ್ಯಾಸ್, ಶಾಲೆ, ರೇಷನ್, ಎಲ್ಲಕ್ಕೂ ವಿಳಾಸ ಬೇಕು ಪಾಪ.

ನಿಜಕ್ಕೂ ಹಟ ಹಿಡಿದು ಬಿಡದೇ ಕೂತರೆ ತೊಂದರೆಯೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ನೋಟಿಸ್ ಕೊಡಬೇಕು. ತಿಂಗಳ ಬಾಡಿಗೆಗೆ ಸಾಮಾನ್ಯವಾಗಿ ಹದಿನೈದು ದಿನದ್ದು, ಕರಾರಿನಲ್ಲಿ ಬೇರೆ ಬರೆದಿದ್ದರೆ ಅದರಂತೆ. ಆಮೇಲೆ ಕೋರ್ಟು, ಅದಕ್ಕೆ ವರ್ಷಗಟ್ಟಲೆ ಹಿಡಿದೀತು. ಅಂಥವರೂ ಇರುತ್ತಾರೆ. ಆದರೆ ನಿನ್ನ ಬಾಡಿಗೆಯವರು ಅಂಥವರು ಅನ್ನಲು ನಿನ್ನ ಹತ್ತಿರ ಇರುವುದು ಎರಡು ಸಸಿ ಮಾತ್ರ. ಅಡಿಕೆ ವಖಾರಿಯ ಕೆಲಸ ಅಂದೆಯಲ್ಲ, ಸಂಬಳವೇ ತಡವಾಗಿ ಬರುತ್ತಿರಬಹುದು. ಬಾಡಿಗೆ ಹತ್ತರ ಬದಲು ಹದಿನೈದಕ್ಕೆ ಅಂತ ಮಾಡಿಕೊಂಡರೆ ಇಬ್ಬರಿಗೂ ಮುಖ ತಪ್ಪಿಸುವುದು ತಪ್ಪುತ್ತದೆ. ನಿನಗೆ ಸಾಲದ ಕಂತು ಇದ್ದರೆ ಆಗಲಿಕ್ಕಿಲ್ಲ, ಅದು ನೀನು ನೋಡಿಕೋ.

ಬಾಡಿಗೆ ಕೈಯಲ್ಲಿ ಇಸಿದುಕೊಳ್ಳಬೇಡ, ಖಾತೆಗೇ ಹಾಕಲಿ. ಪುಸ್ತಕದಲ್ಲೂ ಬರೆದಿಡು, ನನ್ನದು ನೀಲಿ ರಟ್ಟಿನ ಪುಸ್ತಕ, ಇನ್ನೂ ಇದೆ. ಕರಾರು ಮುಗಿದರೆ ಹಾಗೇ ಬಿಡದೆ ಹೊಸದು ಮಾಡಿಸು. ನಾನು ಎಷ್ಟೋ ಸಲ ಮಾಡಿಸಿಲ್ಲ, ನಿನಗೆ ಹೇಳುತ್ತಿದ್ದೇನೆ. ಸಿಟ್ಟು ಬಂತು ಅಂತ ಕರೆಂಟು, ನೀರು ಮಾತ್ರ ಯಾವತ್ತೂ ಕಟ್ ಮಾಡಿಸಬೇಡ, ಅದು ಕಾನೂನಿಗೂ ತಪ್ಪು. ಮತ್ತೆ ಬಚ್ಚಲ ನೀರಿನದ್ದು ಈಗಲೇ ನೋಡಿಸು. ಶಿರಸಿ ಮಳೆ ಹಿಡಿದ ಮೇಲೆ ಗುಂಡಿಯ ಕೆಲಸಕ್ಕೆ ಯಾರೂ ಬರುವುದಿಲ್ಲ. ಟ್ಯಾಂಕ್ ಸೋರುವುದನ್ನು ನೀನು ಸರಿ ಮಾಡಿಸದೆ ಬಾಡಿಗೆ ಕೇಳುವುದು... ಬೇಡ, ಅದನ್ನು ನಾನು ಹೇಳಬಾರದು. ನಾನು ಮಾಡಿದವಳೇ.

ಒಂದು ಸಲ ಹೋಗಿ ಬಾ. ಬಾಡಿಗೆ ಕೇಳಲಿಕ್ಕಲ್ಲ. ಹಿತ್ತಲ ಕಡೆಯಿಂದ ಹೋಗು, ಸಸಿ ನೋಡು, ಯಾಕೆ ನೆಟ್ಟಿರಿ ಅಂತ ಅವರನ್ನೇ ಕೇಳು. ನಾನು ಅದನ್ನು ಕೇಳಲೇ ಇಲ್ಲ. ಡಬ್ಬಿಯ ಮಾತು ಆಕೆ ತಾನಾಗಿ ಹೇಳಿದ್ದು, ಕೇಳಿಯೂ ನಾನು ಒಳಗೆ ಬಂದುಬಿಟ್ಟೆ. ಸುಮ್ನೆ ಒಂದು ತೆಂಗಿನಕಾಯಿ ಮೊಳಕೆ ಒಡೆದದ್ದಕ್ಕೆ ನೆಟ್ಟರೋ ಏನೋ. ನಮ್ಮ ಕಡೆ ಮೊಳಕೆ ಬಂದ ಕಾಯಿ ಒಡೆಯಲು ಯಾರಿಗೆ ಮನಸ್ಸು ಬರುತ್ತದೆ?

ಇನ್ನೊಂದು. ಎರಡು ಸಸಿಯ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ ಬರೆ. ಇಪ್ಪತ್ತೈದು ಅಡಿ ಬೇಕು. ಬಚ್ಚಲ ಗುಂಡಿಯ ಹತ್ತಿರ, ಗೋಡೆಯ ಬುಡಕ್ಕೆ ನೆಟ್ಟಿದ್ದರೆ ಈಗಲೇ ಕಿತ್ತು ದೂರ ನೆಡಲು ಹೇಳು. ದೊಡ್ಡದಾದ ಮೇಲೆ ಕಾಯಿ ಹಂಚಿನ ಮೇಲೇ ಬೀಳುವುದು.

ನಿನ್ನ ಅತ್ತೆ