ಪೆಟ್ಟಿಗೆಯ ಮೇಲೆ 4ಕೆ, ರೆಕಾರ್ಡಿಂಗ್‌ನಲ್ಲಿ ಮೂವತ್ತೇ ಫ್ರೇಮ್

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ನಾನು ಹದಿನೇಳು ವರ್ಷಗಳಿಂದ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿಯ ಅಂಗಡಿ ನಡೆಸುತ್ತಿದ್ದೇನೆ. ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಕ್ಯಾಪ್ಚರ್ ಕಾರ್ಡ್, ಅಂದರೆ ಪರದೆಗೆ ಹೋಗುವ ಚಿತ್ರವನ್ನು ನಡುವೆ ಹಿಡಿದು ರೆಕಾರ್ಡ್ ಮಾಡಲು ಕಂಪ್ಯೂಟರಿಗೆ ಕೊಡುವ ಸಾಧನ, ಕೇಳಿಕೊಂಡು ಬರುವ ಹುಡುಗರು ಹೆಚ್ಚುತ್ತಾರೆ. ತಾವು ಕಂಪ್ಯೂಟರಿನಲ್ಲಿ ಆಡುವ ಆಟವನ್ನು ರೆಕಾರ್ಡ್ ಮಾಡಿ, ಅದಕ್ಕೆ ಕನ್ನಡದಲ್ಲಿ ಮಾತು ಸೇರಿಸಿ ಯೂಟ್ಯೂಬ್‌ಗೆ ಹಾಕುವ ಆಸೆ ಅವರದು. ಆಸೆ ಒಳ್ಳೆಯದೇ, ಆದರೆ ಅದರ ಹೆಸರಿನಲ್ಲಿ ಅವರು, ಅಂದರೆ ಅವರ ತಂದೆತಾಯಿ, ಎರಡು ಬಗೆಯಲ್ಲಿ ಹಣ ಕಳೆದುಕೊಳ್ಳುತ್ತಿದ್ದಾರೆ. ಕಾರ್ಡ್ ಬೇಕಿಲ್ಲದವರು ಅದನ್ನು ಕೊಳ್ಳುತ್ತಿದ್ದಾರೆ. ನಿಜವಾಗಿ ಬೇಕಾದವರು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ತಪ್ಪು ಕಾರ್ಡ್ ಕೊಳ್ಳುತ್ತಿದ್ದಾರೆ.

ಮೊದಲು ಬೇಕಿಲ್ಲದವರ ವಿಷಯ. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಆಟವೂ ಅದರಲ್ಲೇ, ರೆಕಾರ್ಡಿಂಗ್ ಕೂಡ ಅದರಲ್ಲೇ ಎಂದಾದರೆ ಕ್ಯಾಪ್ಚರ್ ಕಾರ್ಡ್‌ನಿಂದ ಬರುವ ಲಾಭ ಹೆಚ್ಚುಕಡಿಮೆ ಸೊನ್ನೆ. ಎಚ್‌ಡಿಎಂಐ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿನ ಬೆನ್ನಿನಿಂದ ತೆಗೆದು, ಕ್ಯಾಪ್ಚರ್ ಕಾರ್ಡ್‌ನ ಮೂಲಕ ಸುತ್ತಿಸಿ, ಮತ್ತೆ ಅದೇ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚಿದರೆ ಚಿತ್ರವನ್ನು ಕುಗ್ಗಿಸಿ ಕಡತವಾಗಿ ಉಳಿಸುವ ಕೆಲಸ ಅದೇ ಯಂತ್ರದ ಮೇಲೆಯೇ ಬೀಳುತ್ತದೆ. ಆ ಕೆಲಸಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಎನ್‌ವಿಡಿಯಾ ಕಾರ್ಡುಗಳಲ್ಲಿ 2012ರ ಜಿಟಿಎಕ್ಸ್ 600 ಸರಣಿಯಿಂದ ಇದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರಿಂದ ಇದೆ. ಒಬಿಎಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡರ್ (ಚಿತ್ರ ಕುಗ್ಗಿಸುವ ಭಾಗ) ಇರುವ ಕಡೆ ಈ ಸರ್ಕ್ಯೂಟನ್ನು ಆರಿಸಿದರೆ ಮುಗಿಯಿತು. ಸೆಕೆಂಡಿಗೆ 40 ಮೆಗಾಬಿಟ್ ದರದಲ್ಲಿ ಉಳಿಸಿದರೂ ಒಂದು ಗಂಟೆಯ ಆಟಕ್ಕೆ 18 ಜಿಬಿ ಜಾಗ ಸಾಕು. ಹಳೆಯ ಹಾರ್ಡ್ ಡಿಸ್ಕ್ ಕೂಡ ಈ ವೇಗವನ್ನು ತಡೆದುಕೊಳ್ಳುತ್ತದೆ.

ಇಲ್ಲೊಂದು ಅಪವಾದವಿದೆ, ಕಡಿಮೆ ಬಜೆಟ್ಟಿನ ಕಂಪ್ಯೂಟರ್ ಕಟ್ಟಿಸಿಕೊಂಡವರು ಬಂದು ಸಿಕ್ಕಿಬೀಳುವುದು ಇಲ್ಲಿಯೇ. ಎನ್‌ವಿಡಿಯಾದ ಜಿಟಿ 1030 ಮತ್ತು ಎಎಂಡಿಯ ಆರ್‌ಎಕ್ಸ್ 6400, ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡುಗಳಲ್ಲಿ ಈ ಎನ್‌ಕೋಡರ್ ಇಲ್ಲವೇ ಇಲ್ಲ. ಅಂಥವರು ಕಾರ್ಡ್ ಕೊಳ್ಳಲು ಓಡುವ ಮೊದಲು ತಮ್ಮ ಪ್ರೊಸೆಸರ್ ಯಾವುದೆಂದು ನೋಡಬೇಕು. ಅದು ಇಂಟೆಲ್‌ನದಾಗಿದ್ದು, ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇಲ್ಲದಿದ್ದರೆ ಸಾಮಾನ್ಯವಾಗಿ ಅದರೊಳಗೇ ಗ್ರಾಫಿಕ್ಸ್ ಇರುತ್ತದೆ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ಗಳಲ್ಲಿ, ಅದನ್ನು ಚಾಲೂ ಮಾಡಿಕೊಂಡರೆ ಕ್ವಿಕ್ ಸಿಂಕ್‌ನಿಂದಲೇ ರೆಕಾರ್ಡ್ ಮಾಡಬಹುದು. ಹೀಗೆ ಹತ್ತು ನಿಮಿಷ ಕೂತು ಸರಿಮಾಡಿಕೊಟ್ಟು, ವ್ಯಾಪಾರ ಬಿಟ್ಟು ಕಳಿಸಿದ ಗಿರಾಕಿಗಳು ಎಷ್ಟೋ. ನನ್ನ ಮನೆಯವರಿಗೆ ಈ ಲೆಕ್ಕ ಇನ್ನೂ ಹಿಡಿಸಿಲ್ಲ.

ಕಾರ್ಡ್ ನಿಜವಾಗಿ ಬೇಕಾಗುವುದು ಎರಡು ಯಂತ್ರ ಇದ್ದವರಿಗೆ. ಒಂದರಲ್ಲಿ ಆಟ, ಇನ್ನೊಂದರಲ್ಲಿ ರೆಕಾರ್ಡಿಂಗ್ ಅಥವಾ ನೇರ ಪ್ರಸಾರ. ಹಾಗೆ ಹಂಚಿದಾಗ ಆಡುವ ಕಂಪ್ಯೂಟರಿನ ಪೂರ್ತಿ ಬಲ ಆಟಕ್ಕೇ ಉಳಿಯುತ್ತದೆ, ಆಟ ನಡುವೆ ಹ್ಯಾಂಗ್ ಆದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಕಳೆದ ತಿಂಗಳು ಇಂಥ ಅಗತ್ಯ ಇದ್ದ ಪಿಯುಸಿ ಹುಡುಗನೊಬ್ಬ ಆನ್‌ಲೈನ್‌ನಲ್ಲಿ ತರಿಸಿದ, ಬೆರಳುದ್ದದ ಕಾರ್ಡೊಂದನ್ನು ಹಿಡಿದು ಬಂದ. ವಿಡಿಯೊ ತಡವರಿಸುತ್ತದೆ ಎಂಬುದು ಅವನ ದೂರು. “ಅಂಕಲ್, ಡಬ್ಬಿ ಮೇಲೆ 4ಕೆ ಅಂತ ಬರೆದಿದೆಯಲ್ಲ, ನನ್ನ ಲ್ಯಾಪ್‌ಟಾಪೇ ಕೆಟ್ಟಿರಬೇಕು” ಎಂದ. ಪೆಟ್ಟಿಗೆಯ ಮೇಲೆ 4ಕೆ (ಅತಿ ಸ್ಪಷ್ಟ ಚಿತ್ರ), ಯುಎಸ್‌ಬಿ 3.0 (ವೇಗದ ಯುಎಸ್‌ಬಿ), 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್, ಅಂದರೆ ಚಿತ್ರ) ಎಂದು ಮೂರೂ ದಪ್ಪಕ್ಷರದಲ್ಲಿದ್ದವು. ಪ್ಲಗ್ಗಿನೊಳಗಿನ ಪ್ಲಾಸ್ಟಿಕ್ ನೀಲಿ ಬಣ್ಣದ್ದೇ. ಆದರೆ ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿದರೆ ಮುಂಭಾಗದಲ್ಲಿ ನಾಲ್ಕೇ ಪಟ್ಟಿಗಳು. ನಿಜವಾದ ಯುಎಸ್‌ಬಿ 3.0 ಪ್ಲಗ್ಗಿನಲ್ಲಿ ಆ ನಾಲ್ಕರ ಹಿಂದೆ ಇನ್ನೂ ಐದು, ಒಟ್ಟು ಒಂಬತ್ತು ಸಂಪರ್ಕಗಳು ಇರಬೇಕು. ಇದು ನೀಲಿ ಬಣ್ಣ ಬಳಿದುಕೊಂಡ ಯುಎಸ್‌ಬಿ 2.0.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಶಾಲೆಯ ಗುಣಾಕಾರ ಸಾಕು. 1080ಪಿ, ಅಂದರೆ ಫುಲ್ ಎಚ್‌ಡಿ, ಚಿತ್ರವೊಂದರಲ್ಲಿ 20,73,600 ಚುಕ್ಕೆಗಳಿರುತ್ತವೆ. ಚುಕ್ಕೆಗೆ 16 ಬಿಟ್‌ನಂತೆ, ಸೆಕೆಂಡಿಗೆ 60 ಚಿತ್ರ ಎಂದರೆ ಸುಮಾರು 199 ಕೋಟಿ ಬಿಟ್ ಹರಿಯಬೇಕು. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 48 ಕೋಟಿ ಬಿಟ್, 3.0ರದು 500 ಕೋಟಿ. ನಾಲ್ಕು ಪಾಲು ನೀರನ್ನು ಒಂದು ಪಾಲಿನ ಕೊಳವೆಯಲ್ಲಿ ಕಳಿಸಬೇಕಾದ ಕಾರ್ಡ್ ಪ್ರತಿ ಚಿತ್ರವನ್ನೂ ಜೆಪಿಇಜಿ ಫೋಟೊದಂತೆ ಹಿಂಡಿ ಕಳಿಸುತ್ತದೆ. ಹುಲ್ಲು, ಎಲೆ, ಪರದೆಯ ಮೂಲೆಯ ಸಣ್ಣ ಅಕ್ಷರಗಳೆಲ್ಲ ಕಲಸಿಹೋಗುವುದು ಇದರಿಂದಲೇ. ಹುಡುಗನ ಎದುರಿಗೇ ಒಬಿಎಸ್‌ನಲ್ಲಿ ಆ ಕಾರ್ಡನ್ನು ಹಿಂಡದೆ ಕಳಿಸುವ ವೈಯುವೈ2 ಮಾದರಿಗೆ ಬದಲಾಯಿಸಿದೆ. 1080ಪಿಯಲ್ಲಿ ಅದು ಕೊಟ್ಟದ್ದು ಸೆಕೆಂಡಿಗೆ ಐದು ಫ್ರೇಮ್.

ಇನ್ನೊಂದು ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಕಾರ್ ರೇಸಿನ ಆಟವೊಂದನ್ನು 60 ಎಫ್‌ಪಿಎಸ್‌ನಲ್ಲಿ ರೆಕಾರ್ಡ್ ಮಾಡಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ನಿಲ್ಲಿಸಿ, ಇಂಗ್ಲಿಷ್ ವರ್ಣಮಾಲೆಯ ಐದನೆಯ ಅಕ್ಷರದ ಕೀಲಿಯನ್ನು ಒಂದೊಂದಾಗಿ ಒತ್ತುತ್ತ ಹೋಗಬೇಕು. ಒಂದು ಒತ್ತಿಗೆ ಒಂದು ಫ್ರೇಮ್ ಮುಂದೆ ಹೋಗುತ್ತದೆ. ರಸ್ತೆ ಬದಿಯ ಕಂಬದ ಮೇಲೆ ಕಣ್ಣಿಟ್ಟಿರಬೇಕು. ಪ್ರತಿ ಒತ್ತಿಗೂ ಕಂಬ ಸರಿದರೆ ಕಾರ್ಡ್ ಸರಿಯಿದೆ. ಒಮ್ಮೆ ಸರಿದು ಒಮ್ಮೆ ನಿಂತರೆ, ಕಾರ್ಡ್ ಹಿಡಿಯುತ್ತಿರುವುದು ಮೂವತ್ತನ್ನೇ, ಉಳಿದ ಮೂವತ್ತು ಬರೀ ನಕಲು. ಹುಡುಗನ ಕಂಬ ಎರಡು ಒತ್ತಿಗೊಮ್ಮೆ ಸರಿಯಿತು. ಅವನು ಮಾತಾಡದೆ ಇನ್ನೂ ಇಪ್ಪತ್ತು ಸಲ ಒತ್ತಿ ನೋಡಿದ.

ಹಾಗಾದರೆ 4ಕೆ ಎಂದು ಬರೆದದ್ದು ಸುಳ್ಳೇ ಎಂದರೆ, ಪೂರ್ತಿ ಸುಳ್ಳೂ ಅಲ್ಲ. ಅದೇ ಇದರ ಚಾಲಾಕಿತನ. ಆ ಕಾರ್ಡ್ 4ಕೆ ಸಂಕೇತವನ್ನು ಒಳಗೆ ತೆಗೆದುಕೊಳ್ಳುತ್ತದೆ, ನಂತರ 1080ಪಿಗೆ ಇಳಿಸಿ ಹೊರಗೆ ಕೊಡುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಒಳಗೆ ಬರುವ ಅಂಕಿ, ಕೊಳ್ಳುವವನಿಗೆ ಬೇಕಾದದ್ದು ರೆಕಾರ್ಡ್ ಆಗುವ ಅಂಕಿ. ಹೆಸರುವಾಸಿ ಕಂಪನಿಗಳು ಇವನ್ನು ಬೇರೆ ಬೇರೆಯಾಗಿಯೇ ಮುದ್ರಿಸುತ್ತವೆ: ಎಲ್ಗಾಟೊದ ಎಚ್‌ಡಿ60 ಎಕ್ಸ್ ಕಾರ್ಡಿನ ವಿವರದಲ್ಲಿ ಮಾನಿಟರ್‌ಗೆ ದಾಟಿಸುವುದು 4ಕೆ 60, ರೆಕಾರ್ಡ್ ಮಾಡುವುದು 1080ಪಿ 60 ಅಥವಾ 4ಕೆ 30 ಎಂದು ಸ್ಪಷ್ಟವಾಗಿದೆ. ಬೆಲೆಯೊಂದನ್ನೇ ನೋಡಿ ನಿರ್ಧರಿಸುವುದೂ ಸರಿಯಲ್ಲ. ಹೆಸರಿಲ್ಲದ ಅಗ್ಗದ ಕಾರ್ಡುಗಳಲ್ಲೂ ನಿಜವಾದ ಯುಎಸ್‌ಬಿ 3.0 ಚಿಪ್ ಇರುವಂಥವು ಈಗ ಬರುತ್ತಿದ್ದು, ಅವು 1080ಪಿ 60ನ್ನು ಚೆನ್ನಾಗಿಯೇ ಹಿಡಿಯುತ್ತವೆ. ತೊಂದರೆಯೆಂದರೆ, ಎರಡರ ಪೆಟ್ಟಿಗೆಯೂ ಒಂದೇ ಭಾಷೆ ಮಾತಾಡುತ್ತದೆ.

ಆಡುವ ಕಂಪ್ಯೂಟರಿನ ಮಾನಿಟರ್ 144 ಹರ್ಟ್ಸ್‌ನದಾಗಿದ್ದರೆ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ಇನ್ನೊಂದು ಅಂಶವನ್ನೂ ಕೇಳಿಯೇ ಕೊಳ್ಳಬೇಕು. ಕಾರ್ಡಿನ ಮೂಲಕ ಮಾನಿಟರ್‌ಗೆ ಹೋಗುವ ಸಂಕೇತಕ್ಕೆ ಆ ವೇಗ ಇಲ್ಲದಿದ್ದರೆ ಮಾನಿಟರ್ 60ಕ್ಕೆ ಇಳಿಯುತ್ತದೆ. ದುಬಾರಿ ಮಾನಿಟರ್‌ಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ. ಧ್ವನಿಯ ವಿಷಯ ಚಿಕ್ಕದು, ಆದರೆ ಕಿರಿಕಿರಿಯದು: ಅಗ್ಗದ ಕೆಲವು ಕಾರ್ಡುಗಳಲ್ಲಿ ಎಡಬಲದ ಧ್ವನಿ ಸರಿಯಾಗಿ ಬೇರ್ಪಡದೆ ಒಂದಾಗಿ ಬರುತ್ತದೆ, ಶತ್ರುವಿನ ಹೆಜ್ಜೆ ಯಾವ ಕಡೆಯಿಂದ ಕೇಳಿಸಿತೆಂಬುದು ವಿಡಿಯೊ ನೋಡುವವರಿಗೆ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಉಪದೇಶದ ಪೀಠದಿಂದ ಹೇಳುತ್ತಿಲ್ಲ. ಸಗಟು ವ್ಯಾಪಾರಿಯೊಬ್ಬರ ಮಾತು ನಂಬಿ ನಾನೂ ಇಂಥ ಆರು ಕಾರ್ಡುಗಳನ್ನು ತಂದು ಮಾರಿದ್ದೆ. ನಾಲ್ಕು ವಾಪಸು ಬಂದವು, ನಾಲ್ವರಿಗೂ ಹಣ ಹಿಂದಿರುಗಿಸಿದೆ. ನನಗೆ ಹಣ ಹಿಂದೆ ಬರಲಿಲ್ಲ; “ಪೆಟ್ಟಿಗೆಯ ಮೇಲೆ ಬರೆದಂತೆ 4ಕೆ ಒಳಗೆ ಹೋಗುತ್ತದಲ್ಲ” ಎಂಬ ಉತ್ತರ ಮಾತ್ರ ಬಂತು. ಆ ಕಾರ್ಡುಗಳು ಇಂದಿಗೂ ನನ್ನ ಮೇಜಿನ ಕೆಳಖಾನೆಯಲ್ಲಿವೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಸ್ತುವಿನ ಬಗ್ಗೆ ಸುಳ್ಳು ವಿವರ ಕೊಡುವುದನ್ನಷ್ಟೇ ಅಲ್ಲದೆ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ದಾರಿತಪ್ಪಿಸುವ ಜಾಹೀರಾತು ಎಂದೇ ಪರಿಗಣಿಸುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಎಂಟುನೂರು ರೂಪಾಯಿಯ ವಸ್ತುವಿಗೆ ಯಾರು ಅಲೆಯುತ್ತಾರೆ ಎಂದು ಎಲ್ಲರೂ ಸುಮ್ಮನಿರುವುದರಿಂದಲೇ ಈ ವ್ಯಾಪಾರ ಸಲೀಸಾಗಿ ನಡೆಯುತ್ತಿದೆ ಎಂಬುದು ನನ್ನ ಅನಿಸಿಕೆ. ಆ ಹುಡುಗನಿಗೆ ಒಂದೊಂದೇ ಕೀಲಿ ಒತ್ತಿ ತೋರಿಸಿದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಟ್ಟೆ. ಅದನ್ನೇ ಪುರಾವೆಯಾಗಿ ಲಗತ್ತಿಸಿ ಅವನು ದೂರು ದಾಖಲಿಸಿದ್ದಾನೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ಕ್ಯಾಪ್ಚರ್ ಕಾರ್ಡಿನ ಪೆಟ್ಟಿಗೆಯ ಮೇಲೂ ಆನ್‌ಲೈನ್ ಪುಟದಲ್ಲೂ ಒಳಬರುವ ಸಂಕೇತ, ಮಾನಿಟರ್‌ಗೆ ದಾಟುವ ಸಂಕೇತ, ರೆಕಾರ್ಡ್ ಆಗುವ ಚಿತ್ರ ಈ ಮೂರರ ಅಳತೆ ಮತ್ತು ಫ್ರೇಮ್ ಸಂಖ್ಯೆಯನ್ನು ಒಂದೇ ಗಾತ್ರದ ಅಕ್ಷರದಲ್ಲಿ ಮುದ್ರಿಸುವುದು ಕಡ್ಡಾಯವಾಗಲಿ, ಯುಎಸ್‌ಬಿ ಯಾವ ತಲೆಮಾರಿನದೆಂಬುದೂ ಅದರ ಪಕ್ಕದಲ್ಲಿರಲಿ. ಅಲ್ಲಿಯವರೆಗೆ ನನ್ನಂಥ ಅಂಗಡಿಯವರು ಪೆಟ್ಟಿಗೆಯನ್ನು ಗಿರಾಕಿಯ ಎದುರಿಗೇ ಒಡೆದು, ಒಂಬತ್ತು ಪಟ್ಟಿಗಳನ್ನು ಎಣಿಸಿ ತೋರಿಸಿಯೇ ಮಾರಬಹುದು. ನಾನು ಹಾಗೆ ಮಾಡಲು ಶುರುಮಾಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ರಿಪೇರಿ ಅಂಗಡಿಯ ಮಾಲೀಕ,
ದಾವಣಗೆರೆ