‘ಎಮ್ಮಾ’ಳನ್ನು ಅರ್ಧಕ್ಕೆ ಬಿಡಬೇಡ

ಶಿರಸಿ

ಚಿ. ತಂಗಿಗೆ ದೊಡ್ಡಮ್ಮನ ಆಶೀರ್ವಾದಗಳು.

ಜೇನ್ ಆಸ್ಟಿನ್ ಬರೆದ ‘ಎಮ್ಮಾ’ ಕಾದಂಬರಿ ಹತ್ತು ಅಧ್ಯಾಯಕ್ಕೇ ಸಾಕಾಯಿತು, ಆ ಹುಡುಗಿಯ ಸೊಕ್ಕು ತಡೆಯಲಾಗುವುದಿಲ್ಲ ಎಂದು ಕಾರವಾರದಿಂದ ಬರೆದಿದ್ದೀ. ಸೊಕ್ಕು ನಿಜ. ಇಪ್ಪತ್ತೊಂದರ ಹೊಸ್ತಿಲಲ್ಲಿರುವವಳು, ದುಡ್ಡಿಗೆ ಕೊರತೆಯಿಲ್ಲ, ಊರವರ ಮದುವೆಯನ್ನೆಲ್ಲ ತಾನೇ ಕುದುರಿಸಲು ಹೊರಟಿದ್ದಾಳೆ. ನನ್ನ ಹೊರತು ಯಾರಿಗೂ ಅಷ್ಟಾಗಿ ಹಿಡಿಸದ ನಾಯಕಿ ಇವಳು ಎಂದು ಆಸ್ಟಿನ್ನೇ ಹೇಳಿದ್ದನ್ನು ಆಸ್ಟಿನ್‌ಳ ಅಣ್ಣನ ಮಗ ಬರೆದಿಟ್ಟಿದ್ದಾನೆ.

ನಿನಗೆ ತೊಡಕಾದದ್ದು ಬೇರೆ ಕಡೆ. ತಾಳಮದ್ದಳೆಯಲ್ಲಿ ಪದ ಹೇಳುವುದು ಭಾಗವತರು, ಅರ್ಥ ಹೇಳುವುದು ಅರ್ಥಧಾರಿ. ಎರಡು ದನಿ ಬೇರೆಬೇರೆ ಕೇಳುತ್ತದೆ. ಈ ಕಾದಂಬರಿಯಲ್ಲಿ ಭಾಗವತರ ಬಾಯಿಂದಲೇ ಅರ್ಥವೂ ಬರುತ್ತದೆ. ಊರಿನ ಪಾದ್ರಿ ಎಲ್ಟನ್‌ಗೆ ಎಮ್ಮಾಳ ಗೆಳತಿ ಹ್ಯಾರಿಯೆಟ್ ಮೇಲೆ ಮನಸ್ಸಾಗಿರುವುದರಲ್ಲಿ ಅನುಮಾನವೇ ಇಲ್ಲ ಎಂಬ ಧಾಟಿಯ ವಾಕ್ಯ ಕಂಡಾಗ, ಲೇಖಕಿಯೇ ಹೇಳಿದ್ದು ಎಂದು ನಂಬಿದರೆ ಕೆಟ್ಟೆ. ಅದು ಎಮ್ಮಾಳ ತಲೆಯೊಳಗಿನ ಮಾತು. ‘ಅವಳು’ ತೆಗೆದು ‘ನಾನು’ ಹಾಕಿ ನೋಡು. ವಾಕ್ಯ ಮುರಿಯದೆ ನಿಂತರೆ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆ. 15ನೇ ಅಧ್ಯಾಯದಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಗಾಡಿಯೊಳಗೆ ಎಲ್ಟನ್ ಬಾಯಿಬಿಡುತ್ತಾನೆ. ಆಗ ಹಿಂದಿನ ಗೀಟುಗಳನ್ನೆಲ್ಲ ತಿರುಗಿ ಓದು, ನಗು ತಡೆಯಲಾಗುವುದಿಲ್ಲ. 16ರಲ್ಲಿ ಎಮ್ಮಾ ಕೂದಲಿಗೆ ಸುರುಳಿ ಹಾಕಿಸಿಕೊಂಡು, ಕೆಲಸದವಳನ್ನು ಕಳಿಸಿ, ಆಮೇಲೆ ದುಃಖಪಡಲು ಕೂರುತ್ತಾಳೆ. ಕೂದಲು ಮೊದಲು, ದುಃಖ ಆಮೇಲೆ! ಆ ಒಂದು ವಾಕ್ಯಕ್ಕಾಗಿಯೇ ನನಗೆ ಈ ಪುಸ್ತಕ ಇಷ್ಟ.

ಅದೇ ಊರಿನ, ಮದುವೆಯಾಗದೆ ಉಳಿದ ಮಿಸ್ ಬೇಟ್ಸ್‌ಳ ಉದ್ದುದ್ದ ಹರಟೆಯನ್ನು ಬಹಳ ಜನ ಹಾರಿಸುತ್ತಾರೆ. ಕಥೆಯ ಗುಟ್ಟು ಅಡಗಿರುವುದು ಅಲ್ಲಿಯೇ. ಗಟ್ಟಿಯಾಗಿ ಓದಿದರೆ ಹಿಡಿತಕ್ಕೆ ಸಿಗುತ್ತದೆ. ಅವಳ ಅಮ್ಮನ ಕನ್ನಡಕದ ಮೊಳೆ ಕೂರಿಸುವ ಸಂಗತಿ ಬಂದಾಗ, ಕೂರಿಸುತ್ತಿರುವವರು ಯಾರು, ಆಗ ಕೋಣೆಯಲ್ಲಿ ಇನ್ಯಾರಿದ್ದಾರೆ ಎಂದು ಗುರುತು ಹಾಕಿಕೋ.

ಒಟ್ಟು 55 ಅಧ್ಯಾಯ, ಮೂರು ಸಂಪುಟ. ದಿನಕ್ಕೆ ಎರಡು ಸಾಕು. ಆದರೆ 43, 44ನ್ನು ಬೇರೆ ಮಾಡಬೇಡ, ಒಟ್ಟಿಗೇ ಓದು. ಕೆಲವು ಪ್ರತಿಗಳಲ್ಲಿ ಅವು ಮೂರನೇ ಸಂಪುಟದ 7, 8. ಎಲ್ಲರೂ ವಿಹಾರಕ್ಕೆ ಹೋದ ಬಾಕ್ಸ್ ಹಿಲ್ ಗುಡ್ಡದಲ್ಲಿ ಎಮ್ಮಾ ಒಂದು ಚುರುಕು ಮಾತಿನಿಂದ ಆ ಬಡ ಬೇಟ್ಸ್‌ಳನ್ನು ಎಲ್ಲರೆದುರು ನೋಯಿಸುತ್ತಾಳೆ. ನಿನಗೂ ನಗು ಬಂದೀತು, ಬರಲಿ. ಬೇಟ್ಸ್‌ಗೆ ಮಾತಿನ ಅರ್ಥ ತಕ್ಷಣ ಹೊಳೆಯುವುದಿಲ್ಲ, ಹೊಳೆದ ಮೇಲೆ ಮುಖ ತುಸು ಕೆಂಪಾಗುತ್ತದೆ, ಅಷ್ಟೇ. ಅಲ್ಲಿ ನಿಧಾನಿಸು. ಅಲ್ಲಿಂದ ಎಮ್ಮಾ ಗಾಡಿಯಲ್ಲಿ ಅಳುವವರೆಗೂ, ಮರುದಿನ ಬೆಳಿಗ್ಗೆ ಅವಳು ಯಾರ ಮನೆಗೆ ಹೋಗುತ್ತಾಳೆ ಎಂದು ತಿಳಿಯುವವರೆಗೂ ಕೂತಲ್ಲಿಂದ ಏಳಬೇಡ. ಬಿಡುವಿನ ಭಾನುವಾರಕ್ಕೆ ಇಟ್ಟುಕೋ.

ಇಂತಿ,
ನಿನ್ನ ದೊಡ್ಡಮ್ಮ