ಹಳೆಯ ಜಗಳವೇ ಬಂಡವಾಳವೇ?

ಮಾನ್ಯರೇ,

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಹಾಡುಗಳನ್ನು ಮಗಳೊಂದಿಗೆ ಕುಳಿತು ಕೇಳುವವಳು ನಾನು. 2009ರ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ವೇದಿಕೆಗೆ ನುಗ್ಗಿ, ಹತ್ತೊಂಬತ್ತರ ಆ ಹುಡುಗಿಯ ಕೈಯಿಂದ ಮೈಕ್ ಕಿತ್ತುಕೊಂಡದ್ದು ಶುದ್ಧ ಅನಾಗರಿಕತನ. 2016ರಲ್ಲಿ ಕಾನ್ಯೆಯ ಆಗಿನ ಪತ್ನಿ ಕಿಮ್ ಕಾರ್ಡಾಶಿಯನ್, ಕಾನ್ಯೆ ಮತ್ತು ಟೇಲರ್ ನಡುವಿನ ದೂರವಾಣಿ ಮಾತುಕತೆಯ ತುಣುಕುಗಳನ್ನಷ್ಟೇ ಹರಿಯಬಿಟ್ಟು ಆಕೆಯನ್ನು ಸುಳ್ಳುಗಾತಿಯಾಗಿಸಿದ್ದೂ ಅನ್ಯಾಯವೇ. ಕಾನ್ಯೆಯ ಹಾಡಿನಲ್ಲಿ ಟೇಲರ್ ಬಗ್ಗೆ ಇದ್ದ ಬೈಗುಳವನ್ನು ಆಕೆಗೆ ಮೊದಲೇ ತಿಳಿಸಿರಲಿಲ್ಲ ಎಂಬುದು 2020ರಲ್ಲಿ ಉದ್ದನೆಯ ವಿಡಿಯೊ ಸೋರಿಕೆಯಾದಾಗ ಬಯಲಾಯಿತು.

ನನ್ನ ತಕರಾರು ಬೇರೆ. 2016ರ ಆ ಜಗಳದಲ್ಲಿ ಜನ ಟೇಲರ್‌ಗೆ ಹಾವಿನ ಚಿತ್ರ ಕಳುಹಿಸಿ ಅಣಕಿಸಿದಾಗ ಆಕೆ ಅದೇ ಹಾವನ್ನು 2018ರ ಸಂಗೀತ ಪ್ರವಾಸದ ವೇದಿಕೆಯಲ್ಲಿ ದೈತ್ಯಾಕಾರವಾಗಿ ಹೆಡೆಯೆತ್ತಿಸಿದರು. ದಿಟ್ಟ ಉತ್ತರ, ಒಪ್ಪುತ್ತೇನೆ. ಆದರೆ ಹಾವಿನ ಉಂಗುರವೂ ಮಾರಾಟದ ಸರಕಾಯಿತು. 2023ರಲ್ಲಿ ‘ಟೈಮ್’ ನಿಯತಕಾಲಿಕ ಆಕೆಯನ್ನು ವರ್ಷದ ವ್ಯಕ್ತಿಯೆಂದು ಆರಿಸಿದಾಗಲೂ ಸಂದರ್ಶನದಲ್ಲಿ ಅದೇ ಪ್ರಸಂಗ! ಜಗತ್ತೇ ತಲೆದೂಗುವ ಕಲಾವಿದೆಗೆ ಈ ಹಳೆಯ ಗಾಯವನ್ನು ಕೆರೆಯುವ ದರ್ದೇನು? ಇತ್ತ ನನ್ನ ಮಗಳ ತರಗತಿಯ ಇಬ್ಬರು ಗೆಳತಿಯರು ಈ ತಾರೆಯರ ಪಕ್ಷ ಹಿಡಿದು ಮಾತು ಬಿಟ್ಟಿದ್ದಾರೆ.

ಬೇರೆಯವರ ಒಡೆತನದಲ್ಲಿದ್ದ ತನ್ನ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಣಗಳನ್ನು ಆಕೆ 2025ರಲ್ಲಿ ಮರಳಿ ಕೊಂಡರು. ಹಾಡುವವರ ಹಕ್ಕಿನ ಈ ಹೋರಾಟದ ಬಗ್ಗೆ ನಿಮ್ಮ ಪುರವಣಿಯಲ್ಲಿ ಒಂದು ಪುಟದ ಲೇಖನ ಪ್ರಕಟಿಸಿ ಎಂದು ಕೋರುತ್ತೇನೆ.

– ಓದುಗರೊಬ್ಬರು, ಶಿವಮೊಗ್ಗ